ಫಂಕ್ಸ್ ಗ್ರೋವ್ ಟೌನ್‌ಶಿಪ್: ಹೊಸಬರಿಗೆ ಮಾರ್ಗದರ್ಶಿ

ಇಲಿನಾಯ್ ರಾಜ್ಯದ ಬ್ಲೂಮಿಂಗ್ಟನ್-ನಾರ್ಮಲ್ ಅವಳಿ ನಗರಗಳಿಗೆ ಉದ್ಯೋಗ ನಿಮಿತ್ತ ಬರುವ ಕನ್ನಡ ಕುಟುಂಬಗಳಲ್ಲಿ ಹಲವು ಮುಂದೆ ಇಲ್ಲಿಯೇ ಮನೆ ಕೊಳ್ಳುತ್ತವೆ. ಆಗ ಕೈಗೆ ಬರುವ ಆಸ್ತಿ ತೆರಿಗೆಯ ಬಿಲ್ಲಿನಲ್ಲಿ ಕೌಂಟಿ, ನಗರ ಮತ್ತು ಶಾಲಾ ಜಿಲ್ಲೆಗಳ ಜೊತೆಗೆ ‘ಟೌನ್‌ಶಿಪ್’ ಎಂಬ ಸಾಲೂ ಇರುತ್ತದೆ. ಅದು ಏನೆಂದು ತಿಳಿಯಲು ನಗರದ ನೈರುತ್ಯಕ್ಕೆ, 55ನೇ ಅಂತರರಾಜ್ಯ ಹೆದ್ದಾರಿಯ ಬದಿಯಲ್ಲಿರುವ ಫಂಕ್ಸ್ ಗ್ರೋವ್ ಟೌನ್‌ಶಿಪ್ ಒಳ್ಳೆಯ ಉದಾಹರಣೆ.

1785ರ ಭೂ ಶಾಸನದಂತೆ ಈ ಸೀಮೆಯನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಗಳನ್ನಾಗಿ ಅಳೆಯಲಾಯಿತು. ಇಂಥ ಒಂದು ಚೌಕವೇ ಟೌನ್‌ಶಿಪ್; ಅದರಲ್ಲಿ ‘ಸೆಕ್ಷನ್’ ಎಂಬ 36 ತುಂಡುಗಳು, ಒಂದು ಸೆಕ್ಷನ್ನಿಗೆ 640 ಎಕರೆ. ಹಳ್ಳಿಯ ರಸ್ತೆಗಳು ಬಹುಮಟ್ಟಿಗೆ ಈ ಸೆಕ್ಷನ್ ಗೆರೆಗಳ ಮೇಲೆಯೇ ಹಾಯುವುದರಿಂದ ‘500 ನಾರ್ತ್’, ‘900 ಈಸ್ಟ್’ ಮುಂತಾದ ಹೆಸರುಗಳು ಹೆಚ್ಚುಕಡಿಮೆ ಮೈಲಿಗೆ ನೂರರಂತೆ ಏರುತ್ತವೆ. ಈ ಲೆಕ್ಕ ಗೊತ್ತಿದ್ದವರು ಫೋನಿನ ನಕ್ಷೆ ಕೈಕೊಟ್ಟರೂ ದಾರಿ ತಪ್ಪುವುದಿಲ್ಲ.

ಕಿಕಪೂ ಎಂಬ ಮೂಲನಿವಾಸಿ ಜನರು ವಾಸವಾಗಿದ್ದ ಈ ನೆಲವು 1819ರ ಎಡ್ವರ್ಡ್ಸ್‌ವಿಲ್ ಒಪ್ಪಂದದಿಂದ ಅಮೆರಿಕ ಸರ್ಕಾರದ ಪಾಲಾಯಿತು. 1824ರಲ್ಲಿ ಐಸಾಕ್ ಫಂಕ್ ಬಂದು ನೆಲೆಸಿದ್ದು ಬಯಲಿನಲ್ಲಲ್ಲ, ಮೇಪಲ್ ಮತ್ತು ಓಕ್ ಮರಗಳ ತೋಪಿನಲ್ಲಿ. ಸೌದೆ, ನೀರು ಮತ್ತು ಗಾಳಿಗೆ ಮರೆ ದೊರೆಯುತ್ತಿದ್ದುದು ತೋಪಿನಲ್ಲೇ. ಬಯಲಿನ ಹುಲ್ಲಿನ ಬೇರುಜಾಲವಂತೂ ಆ ಕಾಲದ ನೇಗಿಲಿಗೆ ಬಗ್ಗುತ್ತಿರಲಿಲ್ಲ. ಜೌಗಾಗಿದ್ದ ಆ ಬಯಲನ್ನು ನೆಲದಡಿ ಸುಟ್ಟಮಣ್ಣಿನ ಕೊಳವೆಗಳನ್ನು ಹೂತು ಬಸಿದ ಮೇಲೆಯೇ ಇಂದು ಕಣ್ಣು ಹಾಯುವಷ್ಟು ದೂರ ಹಬ್ಬಿರುವ ಮೆಕ್ಕೆಜೋಳ ಮತ್ತು ಸೋಯಾ ಹೊಲಗಳು ಸಾಧ್ಯವಾದವು. ಫಂಕ್ ದನಗಳ ಹಿಂಡುಗಳನ್ನು ಷಿಕಾಗೋವರೆಗೆ ಹೊಡೆಸಿ ಮಾರಿ, ಸುಮಾರು 25,000 ಎಕರೆ ಗಳಿಸಿ, ರಾಜ್ಯದ ಸೆನೆಟರ್ ಕೂಡ ಆದನು. ಅವನ ವಂಶಸ್ಥರು 1891ರಲ್ಲಿ ಮಾರಾಟಕ್ಕೆಂದು ಆರಂಭಿಸಿದ ಮೇಪಲ್ ಪಾಕದ ಕೆಲಸ ಹಳೆಯ 66ನೇ ಹೆದ್ದಾರಿಯ ಪಕ್ಕದಲ್ಲಿ ಇಂದಿಗೂ ನಡೆದಿದೆ. ಮೇಪಲ್ ಮರದಿಂದ ಇಳಿಸಿದ ಸುಮಾರು 40 ಗ್ಯಾಲನ್ ರಸ ಕುದಿಸಿದರೆ ಒಂದು ಗ್ಯಾಲನ್ ಪಾಕ ಸಿಗುತ್ತದೆ. ರಸ ಇಳಿಯುವ ಫೆಬ್ರವರಿ-ಮಾರ್ಚ್‌ನಲ್ಲಿ ಮಕ್ಕಳನ್ನು ಕರೆದೊಯ್ಯಿರಿ. ಅಲ್ಲಿಯ ಷುಗರ್ ಗ್ರೋವ್ ನಿಸರ್ಗ ಕೇಂದ್ರದ ಕಾಲುದಾರಿಗಳು ಮುಕ್ತವಾಗಿವೆ, ಆದರೆ ಅಕ್ಕಪಕ್ಕದ ಹೊಲಗಳು ಖಾಸಗಿ ಸ್ವತ್ತು. ಫೋಟೋಗೆಂದು ಜೋಳದ ಸಾಲಿನೊಳಗೆ ಇಳಿಯುವುದು ಸರಿಯಲ್ಲ.

ಆಡಳಿತದ ಮಟ್ಟಿಗೆ ಟೌನ್‌ಶಿಪ್ ನಮ್ಮ ಗ್ರಾಮ ಪಂಚಾಯಿತಿಯನ್ನು ಹೋಲುತ್ತದೆ, ಆದರೆ ಅದರ ಹೊಣೆ ಕಿರಿದು: ಹಳ್ಳಿ ರಸ್ತೆ ಮತ್ತು ಸೇತುವೆಗಳು, ಆಸ್ತಿಯ ಮೌಲ್ಯಮಾಪನ, ಬಡವರಿಗೆ ತುರ್ತು ನೆರವು. ಜನಸಂಖ್ಯೆ ಕಡಿಮೆ ಇರುವೆಡೆ ಹಲವು ಟೌನ್‌ಶಿಪ್‌ಗಳಿಗೆ ಒಬ್ಬನೇ ಮೌಲ್ಯಮಾಪಕನಿರುವುದೂ ಉಂಟು. ನಿಮ್ಮ ಮನೆಯ ಮೌಲ್ಯ ಅತಿಯಾಯಿತೆಂದು ತೋರಿದರೆ ಮೊದಲು ಮೌಲ್ಯಮಾಪಕರೊಡನೆ ಮಾತನಾಡಿ, ಒಪ್ಪಿಗೆಯಾಗದಿದ್ದರೆ ಗಡುವು ಮೀರುವ ಮೊದಲೇ ಕೌಂಟಿಯ ಪುನರ್ವಿಮರ್ಶಾ ಮಂಡಳಿಗೆ ಮನವಿ ಸಲ್ಲಿಸಿ. ಇಲಿನಾಯ್‌ನಲ್ಲಿ ಒಂದು ವರ್ಷದ ತೆರಿಗೆಯನ್ನು ಮರುವರ್ಷ ಕಟ್ಟುವುದರಿಂದ, ಮನೆ ಕೊಳ್ಳುವಾಗ ಮಾರುವವರ ಪಾಲಿನ ತೆರಿಗೆ ಲೆಕ್ಕದಲ್ಲಿ ಕಳೆಯಲ್ಪಟ್ಟಿದೆಯೇ ಎಂದು ನೋಡಿಕೊಳ್ಳುವುದು ಅತ್ಯಗತ್ಯ. ಈ ವಿಷಯವನ್ನು ವಕೀಲರ ಬಾಯಿಂದಲೇ ಕೇಳಿ ಖಚಿತಪಡಿಸಿಕೊಳ್ಳುವುದು ಉತ್ತಮ. ಏಪ್ರಿಲ್‌ನಲ್ಲಿ ನಡೆಯುವ ವಾರ್ಷಿಕ ಸಭೆಯಲ್ಲಿ ಮತ ಹಾಕುವ ಹಕ್ಕು ನೋಂದಾಯಿತ ಮತದಾರರಿಗೆ ಮಾತ್ರವಿದ್ದರೂ ವೀಸಾದಲ್ಲಿರುವವರೂ ಕುಳಿತು ಕೇಳಬಹುದು.

ಕಟಾವಿನ ಕಾಲವಾದ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಈ ರಸ್ತೆಗಳಲ್ಲಿ ಕಂಬೈನ್ ಯಂತ್ರಗಳು ನಿಧಾನವಾಗಿ ಸಾಗುತ್ತಿರುತ್ತವೆ. ಹಿಂಬದಿಯಲ್ಲಿ ಕಿತ್ತಳೆ ತ್ರಿಕೋನ ಕಂಡೊಡನೆ ವೇಗ ತಗ್ಗಿಸಿ, ಎದುರಿನ ದಾರಿ ಪೂರ್ತಿ ಕಾಣುವವರೆಗೂ ಯಂತ್ರವನ್ನು ಹಿಂದಿಕ್ಕಬೇಡಿ. ಚಳಿಗಾಲದಲ್ಲಿ ಮರೆಯೇ ಇಲ್ಲದ ಹೊಲಗಳಿಂದ ಹಿಮ ಹಾರಿಬಂದು ರಸ್ತೆ ಮುಚ್ಚುವುದರಿಂದ, ಅಂಥ ದಿನ ಹೊರಡಲೇಬೇಕಾದರೆ ಹಳ್ಳಿ ರಸ್ತೆ ಬಿಟ್ಟು ಹೆದ್ದಾರಿ ಹಿಡಿಯಿರಿ, ಕಾರಿನಲ್ಲಿ ಕಂಬಳಿ ಮತ್ತು ನೀರು ಇಟ್ಟುಕೊಳ್ಳಿ.