ಇಂಜಿನ್ ಕೆಲಸಕ್ಕೆ ಬಂದ ಹಳೆ ಕಾರನ್ನು ಮಾರುವುದು ಹೇಗೆ

ಹಾಸನದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ. ಹಳೆ ಸ್ಯಾಂಟ್ರೋ, ವ್ಯಾಗನ್ ಆರ್, ಇಂಡಿಕಾ ತರುವವರು ಎಸ್ಟಿಮೇಟ್ ನೋಡಿ ಸ್ವಲ್ಪ ಹೊತ್ತು ಮಾತೇ ಆಡುವುದಿಲ್ಲ. ಆಮೇಲೆ ಕೇಳುವುದು ಒಂದೇ: "ರಿಪೇರಿ ಮಾಡಿಸಿ ಮಾರೋದಾ, ಹಂಗೇ ಮಾರೋದಾ?"

ಹಾಗೇ ಮಾರಿ ಅನ್ನುತ್ತೇನೆ. ಇಂಜಿನ್ ಇಳಿಸುವ ಕೆಲಸ ನನಗೆ ಸಿಕ್ಕರೆ ಲಾಭವೇ, ಆದರೂ ಹೇಳುತ್ತೇನೆ. ಅದಕ್ಕೆ 40,000 ಸುರಿದರೆ ಮಾರುವಾಗ ಅಷ್ಟು ವಾಪಸ್ ಬರುವುದಿಲ್ಲ. ಕೊಳ್ಳುವವರು ಮೊದಲು ನೋಡುವುದು ಮಾಡೆಲ್ ವರ್ಷ, ಎಷ್ಟನೇ ಓನರ್, ಎಷ್ಟು ಓಡಿದೆ ಅಂತ. ಒಳಗಿನ ಹೊಸ ಪಿಸ್ಟನ್ ರಿಂಗ್ ಯಾರ ಕಣ್ಣಿಗೂ ಬೀಳದು. ಬ್ಯಾಟರಿ ಸತ್ತಿದ್ದರೆ ಮಾತ್ರ ಚಾರ್ಜ್ ಮಾಡಿಸಿ. ಸ್ಟಾರ್ಟೇ ಆಗದ ಗಾಡಿಗೆ ಗುಜರಿ ರೇಟು ಕಟ್ಟುತ್ತಾರೆ.

ಏನು ಹೋಗಿದೆ ಅಂತ ಖಚಿತ ಮಾಡಿಕೊಳ್ಳಿ. ಹೊಗೆ ನೀಲಿಯಾಗಿದ್ದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದು, ಇಂಜಿನ್ ತಂಪಾಗಿಡುವ ಕೂಲೆಂಟ್ ಇಳಿಯುತ್ತಾ, ಆಯಿಲ್ ಮುಚ್ಚಳದೊಳಗೆ ಹಾಲು-ಕಾಫಿ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿಗೂ ಅದರ ಮೇಲಿನ ಹೆಡ್‌ಗೂ ನಡುವಿನ ಸೀಲು) ಹೋಗಿರುವ ಸಾಧ್ಯತೆ ಜಾಸ್ತಿ. ಅಂಥ ಗಾಡಿಯನ್ನು ಟ್ರಯಲ್‌ಗೆ ಕೊಡಬೇಡಿ. ಬಿಸಿಯಾಗಿ ಹೆಡ್ಡೇ ಬೆಂಡಾದರೆ ಇರುವ ಬೆಲೆಯೂ ಹೋಗುತ್ತದೆ. ಮೆಕ್ಯಾನಿಕ್ ಹತ್ತಿರ ಸಾಮಾನಿನ ಖರ್ಚು, ಕೂಲಿ ಬೇರೆ ಬೇರೆಯಾಗಿ ಬರೆಸಿಕೊಂಡು ಆ ಚೀಟಿಯನ್ನು ಕೊಳ್ಳುವವರಿಗೆ ತೋರಿಸಿ. ಹೊಗೆ ಮುಚ್ಚಲು ದಪ್ಪ ಆಯಿಲ್ ಹಾಕಿಸುವ ಕೆಲಸ ಬೇಡ. ಅದು ಮೋಸ. ಕೊಳ್ಳುವವರೂ ನಮ್ಮ ಹಾಗೆ ಸಂಸಾರ ಇರುವವರೇ ಅಲ್ವಾ?

ಬೆಲೆಗೆ ನನ್ನ ಲೆಕ್ಕ ಹೀಗೆ. ಅದೇ ಮಾಡೆಲ್, ಅದೇ ವರ್ಷದ ಚೆನ್ನಾಗಿ ಓಡುವ ಗಾಡಿ ನಿಮ್ಮೂರಲ್ಲಿ ಎಷ್ಟಕ್ಕೆ ಹೋಗುತ್ತಿದೆ ಕೇಳಿ. ಎಸ್ಟಿಮೇಟ್ ಕಳೆಯಿರಿ. ಕೊಳ್ಳುವವರ ಓಡಾಟಕ್ಕೂ ಸ್ವಲ್ಪ ಬಿಡಿ.

ಒಳ್ಳೆ ಬೆಲೆ ಕೊಡುವವರು ಸಾಮಾನ್ಯವಾಗಿ ಇನ್ನೊಬ್ಬ ಮೆಕ್ಯಾನಿಕ್ಕೇ. ಅವರಿಗೆ ಕೂಲಿ ಉಳಿಯುತ್ತದೆ. ಹೊಸ ಕಾರು ಕೊಳ್ಳುವವರಾದರೆ ಶೋರೂಮಿನ ಎಕ್ಸ್‌ಚೇಂಜ್ ಬೋನಸ್ ಸೇರಿಸಿ ಎಷ್ಟಾಗುತ್ತದೆ ನೋಡಿ.

ಈಗ ಕಾಗದಪತ್ರ. ಇಲ್ಲಿ ಮಾತ್ರ ಅವಸರ ಬೇಡ. ನನಗೆ ಪರಿಚಯದ ಮೇಷ್ಟ್ರೊಬ್ಬರು ಬ್ರೋಕರ್ ಕೇಳಿದ ಅಂತ ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಖಾಲಿ ಸಹಿ ಹಾಕಿ ಕಾರು ಕೊಟ್ಟರು. ಹೆಸರು ಬದಲಾಗಲೇ ಇಲ್ಲ. ಯಾರೋ ಸಿಗ್ನಲ್ ಹಾರಿಸಿದ್ದಕ್ಕೆ ದಂಡದ ನೋಟಿಸ್ ಇವರ ಮನೆಗೇ ಬರುತ್ತಿತ್ತು. ದಂಡ ಬಿಡಿ, ಅಪಘಾತವಾದರೆ ಗತಿ ಏನು? ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಾಗಾಗಿ ಕೊಳ್ಳುವವರ ಹೆಸರು, ವಿಳಾಸ ತುಂಬಿದ ಮೇಲೆಯೇ ಸಹಿ ಹಾಕಿ. ಅವರ ಆಧಾರ್ ಪ್ರತಿ ಇಟ್ಟುಕೊಳ್ಳಿ. ತಾರೀಕು, ಗಂಟೆ, ಹಣ, "ಇಂಜಿನ್ ತೊಂದರೆ ತಿಳಿದೇ ಕೊಂಡಿದ್ದೇನೆ" ಅನ್ನುವ ಮಾತು ಸೇರಿಸಿ ಡೆಲಿವರಿ ನೋಟ್ ಬರೆದು ಇಬ್ಬರೂ ಸಹಿ ಮಾಡಿ. ಮಾರಿದ 14 ದಿನದೊಳಗೆ ಆರ್‌ಟಿಒಗೆ ತಿಳಿಸುವುದು ಮಾರಿದವರ ಕೆಲಸ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಸಾಲದ ನಮೂದು ತೆಗೆಸುವ ಫಾರಂ 35 ಕೊಟ್ಟು ಮೊದಲು ತೆಗೆಸಿ.

15 ವರ್ಷ ತುಂಬುತ್ತಾ ಬಂದಿದ್ದರೆ ಬೇಗ ಮಾರಿ. ಆಮೇಲೆ ಆರ್‌ಸಿ ನವೀಕರಣಕ್ಕೆ ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು. ಯಾರೂ ಕೊಳ್ಳದಿದ್ದರೆ ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಟ್ಟು, ಗಾಡಿ ಒಪ್ಪಿಸಿದ್ದಕ್ಕೆ ಅವರು ಕೊಡುವ ಡೆಪಾಸಿಟ್ ಸರ್ಟಿಫಿಕೇಟ್ ಪಡೆದು ಆರ್‌ಸಿ ರದ್ದು ಮಾಡಿಸಿ. ಬೀದಿ ಗುಜರಿಗೆ ಹಾಕಿದರೆ ಆರ್‌ಸಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ.

ಗಾಡಿ ಹೋದ ದಿನವೇ ಫಾಸ್ಟ್ಯಾಗ್ ಮುಚ್ಚಿಸಿ. ವಿಮೆಯ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮ್ಮದು, ಕಾರಿನದಲ್ಲ. ಮಾರಿದ್ದಕ್ಕೆ ದಾಖಲೆ ತೋರಿಸಿ ವಿಮಾ ಕಂಪನಿಯಿಂದ ಆ ಬೋನಸ್ಸಿನ ಪತ್ರ ತೆಗೆದುಕೊಳ್ಳಿ. ಮೂರು ವರ್ಷದೊಳಗೆ ಇನ್ನೊಂದು ಕಾರು ಕೊಂಡರೆ ಪ್ರೀಮಿಯಂ ಕಡಿಮೆಯಾಗುತ್ತದೆ.