ಪರೀಕ್ಷೆಗೆ ಓದುವ ಬದಲು ಬಟಾಣಿ ಬೆಳೆದೆ

ಪರೀಕ್ಷೆಗೆ 12 ದಿನ ಇತ್ತು. ಓದಬೇಕಾಗಿದ್ದು ಸಾವಯವ ರಸಾಯನಶಾಸ್ತ್ರ. ಅದಕ್ಕೆ ಕೈ ಹಾಕುವ ಮೊದಲು ಸುಮ್ನೆ ಮನಸ್ಸು ಹಗುರ ಮಾಡಿಕೊಳ್ಳೋಣ ಅಂತ ಜೀವಶಾಸ್ತ್ರದ ಪುಸ್ತಕ ತೆರೆದೆ. ಮೆಂಡಲ್‌ನ ಬಟಾಣಿ ಪಾಠ. ಮೂರು ದುಂಡು ಕಾಳಿಗೆ ಒಂದು ಸುಕ್ಕು ಕಾಳು ಅನ್ನುವ 3:1 ಅನುಪಾತ ನನಗೆ ಬಾಯಿಪಾಠವೇ ಆಗಿತ್ತು. ಆದರೆ ಆ ದಿನ ಪುಟದ ಮೂಲೆಯಲ್ಲಿದ್ದ ಕೋಷ್ಟಕ ಕಣ್ಣಿಗೆ ಬಿತ್ತು: ದುಂಡು ಕಾಳು 5474, ಸುಕ್ಕು ಕಾಳು 1850. ಭಾಗಿಸಿದರೆ 2.96. ಮೂರಲ್ಲ, ಮೂರರ ಹತ್ತಿರ. ಎಷ್ಟು ಹತ್ತಿರ ಬಂದರೆ ಒಪ್ಪಬಹುದು? ಪುಸ್ತಕ ಹೇಳಿರಲಿಲ್ಲ. ಲ್ಯಾಪ್‌ಟಾಪ್ ಪಕ್ಕದಲ್ಲೇ ಇತ್ತು. ಕೆಟ್ಟದ್ದು ಅಲ್ಲಿಂದಲೇ.

(ರಸಾಯನಶಾಸ್ತ್ರದ ಕತೆ ಈಗಲೇ ಮುಗಿಸಿಬಿಡುತ್ತೇನೆ: ಪಾಸಾದೆ, ಅಷ್ಟೇ.)

ಮೊದಲ ಪ್ರೋಗ್ರಾಂ ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಇರಬಹುದು. ಒಂದು ಗಿಡ ಅಂದರೆ ಎರಡು ಅಕ್ಷರ, ಪ್ರತಿಯೊಂದೂ ದುಂಡಿನದ್ದು ಅಥವಾ ಸುಕ್ಕಿನದ್ದು; ಎರಡೂ ಸುಕ್ಕಿನದ್ದಾದರೆ ಮಾತ್ರ ಕಾಳು ಸುಕ್ಕು. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಯಾವುದು ಅಂತ ಚೀಟಿ ಎತ್ತಿದ ಹಾಗೆ. ಓಡಿಸಿದೆ. ಏಳು ಸಾವಿರ ಕಾಳೂ ದುಂಡು! ಕಂಪ್ಯೂಟರಿನ ರ್‍ಯಾಂಡಮ್ ಸಂಖ್ಯೆಗಳೇ ಸರಿಯಿಲ್ಲ ಅಂತ ಒಂದು ಗಂಟೆ ಬೈದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. 0 ಮತ್ತು 1ರಲ್ಲಿ ಒಂದು ಕೊಡು ಅಂತ ನಾನು ಕೇಳಿದ್ದೆ, ಆದರೆ ಬಳಸಿದ ಫಂಕ್ಷನ್ ಕೊನೆಯ ಸಂಖ್ಯೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಪ್ರತಿ ಸಲವೂ 0. ಪ್ರತಿ ಸಲವೂ ಮೊದಲ ಅಕ್ಷರ, ಅಂದರೆ ದುಂಡಿನದ್ದು. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡೆ: ಉತ್ತರ ಮೊದಲೇ ಗೊತ್ತಿರುವ ಚಿಕ್ಕ ಲೆಕ್ಕವನ್ನು ಕೊಟ್ಟು ನೋಡದೆ ದೊಡ್ಡದನ್ನು ಓಡಿಸುವುದಿಲ್ಲ. ರ್‍ಯಾಂಡಮ್ ಸಂಖ್ಯೆಗಳ ಸರಣಿ ಯಾವುದರಿಂದ ಶುರುವಾಗುತ್ತದೋ ಆ ಸೀಡ್ ಸಂಖ್ಯೆಯನ್ನೂ ಬರೆದಿಡುತ್ತೇನೆ. ಸೀಡ್ ಬದಲಾದರೆ ನಿನ್ನೆ ಕಂಡ ತಪ್ಪು ಇವತ್ತು ಕಾಣದೇ ಹೋಗಬಹುದು.

ಸರಿಪಡಿಸಿದ ಮೇಲೆ ಮೆಂಡಲ್‌ನ ಲೆಕ್ಕದಷ್ಟೇ, ಅಂದರೆ 7324 ಕಾಳು ಬೆಳೆದೆ. ಒಂದು ಸಲ ಅಲ್ಲ, ಸಾವಿರ ಸಲ. ಸುಕ್ಕು ಕಾಳು ಸರಿಯಾಗಿ ಕಾಲು ಭಾಗ ಅಂದರೆ 1831 ಬರಬೇಕು. ಮೆಂಡಲ್‌ಗೆ 19 ಜಾಸ್ತಿ ಬಂದಿತ್ತು. ನನ್ನ ಸಾವಿರದಲ್ಲಿ ಸುಮಾರು ಆರುನೂರು ಸಲ ಅಷ್ಟೇ ಅಥವಾ ಅದಕ್ಕಿಂತ ಜಾಸ್ತಿ ವ್ಯತ್ಯಾಸ ಬಂತು. ಹಾಗಾದರೆ 2.96 ತೀರಾ ಮಾಮೂಲಿ ಸಂಖ್ಯೆ. ಎಣಿಸಿದ್ದು ನಿರೀಕ್ಷೆಗೆ ಎಷ್ಟು ಹೊಂದುತ್ತದೆ ಅಂತ ನೋಡುವ ಕೈ-ವರ್ಗ (chi-square) ಪರೀಕ್ಷೆಯ ಸೂತ್ರ ನನಗೆ ಬರುತ್ತಿತ್ತು, ಆದರೆ ಅದು ಏನು ಕೇಳುತ್ತಿದೆ ಅಂತ ಅರ್ಥವಾಗಿದ್ದು ಅವತ್ತೇ. ಅಂದ ಹಾಗೆ, 1936ರಲ್ಲಿ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ಮೆಂಡಲ್‌ನ ಎಲ್ಲ ಪ್ರಯೋಗಗಳನ್ನೂ ಸೇರಿಸಿ ನೋಡಿ ಉಲ್ಟಾ ದೂರು ಹೇಳಿದ್ದರು: ಒಟ್ಟಾರೆ ಲೆಕ್ಕ ಅತಿಯಾಗಿ ಹೊಂದಿಕೊಳ್ಳುತ್ತಿದೆ ಅಂತ.

ಆಮೇಲೆ ಹಾರ್ಡಿ-ವೈನ್‌ಬರ್ಗ್. ಕೆಲವು ಷರತ್ತುಗಳಿದ್ದರೆ ಜೀನ್ ರೂಪಗಳ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದಿಲ್ಲ ಅನ್ನುವ 1908ರ ನಿಯಮ, ಆ ಷರತ್ತುಗಳು ಪರೀಕ್ಷೆಗೆ ಖಾಯಂ ಪ್ರಶ್ನೆ. ‘ಜೀವಿಗಳ ಸಂಖ್ಯೆ ತುಂಬಾ ದೊಡ್ಡದಿರಬೇಕು’ ಅನ್ನುವ ಷರತ್ತನ್ನು ನಾನು ಒಂದು ಅಂಕದ ಸಾಲು ಅಂತಲೇ ನೋಡಿದ್ದೆ. 20 ಜೀವಿಗಳನ್ನು ಇಟ್ಟು, 40 ಜೀನ್ ಪ್ರತಿಗಳಲ್ಲಿ ಅರ್ಧ ನೀಲಿ, ಅರ್ಧ ಕೆಂಪು ಮಾಡಿ ಬಿಟ್ಟೆ. ನೀಲಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಆದರೂ ಸರಾಸರಿ 55 ತಲೆಮಾರಿನಲ್ಲಿ ಯಾವುದಾದರೂ ಒಂದು ಬಣ್ಣ ಪೂರ್ತಿ ಅಳಿಯುತ್ತಿತ್ತು. 200 ಜೀವಿ ಇಟ್ಟರೆ ಅದಕ್ಕೆ ಹತ್ತು ಪಟ್ಟು ಕಾಲ ಬೇಕಾಯಿತು. ಗೆರೆಗಳು ಮೇಲೆ ಕೆಳಗೆ ಅಲೆಯುವುದನ್ನು ನೋಡುತ್ತಾ ಒಂದು ಇಡೀ ಸಂಜೆ ಕಳೆದೆ. ಅದನ್ನು ಓದು ಅನ್ನಲಾಗುವುದಿಲ್ಲ, ಬಿಡಿ.

ನಿಜವಾಗಿ ನನ್ನನ್ನು ಹಿಡಿದು ಹಾಕಿದ್ದು ಮೂರನೆಯದು, ಜೀನ್‌ಗಳ ಸಹಲಗ್ನತೆ. ಒಂದೇ ಕ್ರೋಮೊಸೋಮ್ ಮೇಲಿರುವ ಎರಡು ಜೀನ್‌ಗಳು ಸಾಮಾನ್ಯವಾಗಿ ಜೊತೆಗೇ ಹೋಗುತ್ತವೆ. ನಡುವೆ ಅಡ್ಡಹಾಯುವಿಕೆ ಆದರೆ, ಅಂದರೆ ಜೋಡಿ ಕ್ರೋಮೊಸೋಮುಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡರೆ, ಬೇರೆಯಾಗುತ್ತವೆ. ದೂರ 10 ಸೆಂಟಿಮಾರ್ಗನ್ (ಜೀನುಗಳ ನಡುವಿನ ದೂರದ ಅಳತೆ) ಅಂದರೆ ನೂರಕ್ಕೆ 10 ಬೇರೆಯಾಗುತ್ತವೆ ಅಂತ ಓದಿದ್ದೆ. ಹಾಗೇ ಬರೆದೆ. 10ಕ್ಕೆ ಸರಿಯಾಯಿತು, 20ಕ್ಕೂ ಪರವಾಗಿಲ್ಲ. ಹುಡುಗಾಟಕ್ಕೆ 100 ಕೊಟ್ಟೆ. ಎಲ್ಲ ಮರಿಗಳಲ್ಲೂ ಜೋಡಿ ಬೇರೆ! ಒಂದೇ ಕ್ರೋಮೊಸೋಮಿನ ಎರಡು ತುದಿಯಲ್ಲಿದ್ದರೆ ಯಾವತ್ತೂ ಜೊತೆಗೆ ಹೋಗುವುದೇ ಇಲ್ಲವೇ? ಬೇರೆ ಬೇರೆ ಕ್ರೋಮೊಸೋಮಿನಲ್ಲಿದ್ದರೂ ಅರ್ಧ ಸಲ ಜೊತೆಗೆ ಹೋಗುತ್ತವೆ, ಅಲ್ವಾ?

ತಪ್ಪು ಹುಡುಕಲು ಒಂದೂವರೆ ದಿನ ಹಿಡಿಯಿತು. ಕೋಡ್‌ನಲ್ಲಿ ತಪ್ಪು ಇರಲಿಲ್ಲ, ನನ್ನ ತಲೆಯಲ್ಲಿತ್ತು. ಕೊನೆಗೆ ಸೂತ್ರ ಬಿಟ್ಟು ಕ್ರೋಮೊಸೋಮನ್ನೇ ಮಣಿಸರದ ಹಾಗೆ ಮಾಡಿದೆ: 101 ಮಣಿ, ನಡುವೆ 100 ಕೊಂಡಿ, ಪ್ರತಿ ಕೊಂಡಿಯಲ್ಲಿ ಅಡ್ಡಹಾಯುವ ಸಾಧ್ಯತೆ ನೂರಕ್ಕೆ 1. ಎರಡು ತುದಿ ಬೇರೆಯಾದದ್ದು ನೂರಕ್ಕೆ 43 ಸಲ ಮಾತ್ರ. ಒಂದು ಸಲ ಅಡ್ಡಹಾಯ್ದರೆ ಜೋಡಿ ಬೇರೆಯಾಗುತ್ತದೆ. ಎರಡು ಸಲ ಆದರೆ ಮತ್ತೆ ಕೂಡುತ್ತದೆ, ತುದಿಗಳನ್ನಷ್ಟೇ ನೋಡುವವನಿಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಸರವನ್ನು ಎಷ್ಟೇ ಉದ್ದ ಮಾಡಿದರೂ 50 ದಾಟಲಿಲ್ಲ. 1919ರಲ್ಲೇ ತಳಿವಿಜ್ಞಾನಿ ಹಾಲ್ಡೇನ್ ಇದಕ್ಕೆ ಸೂತ್ರ ಕೊಟ್ಟಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಆ ಸೂತ್ರಕ್ಕೆ 100 ಹಾಕಿದೆ, 43.2 ಬಂತು. ಕುರ್ಚಿಯಿಂದ ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದೆ.

ಈ ಹೊತ್ತಿಗೆ ನನಗೊಂದು ದೊಡ್ಡ ನೆಪವೂ ಸಿಕ್ಕಿತ್ತು. 1911ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ತಳಿವಿಜ್ಞಾನಿ ಟಿ. ಎಚ್. ಮಾರ್ಗನ್ ಬಳಿ ಆಲ್ಫ್ರೆಡ್ ಸ್ಟರ್ಟೆವಂಟ್ ಅಂತ ಒಬ್ಬ ಪದವಿ ವಿದ್ಯಾರ್ಥಿ ಇದ್ದ. ಹಣ್ಣು ನೊಣಗಳ ಲೆಕ್ಕವನ್ನು ಮನೆಗೆ ಒಯ್ದು, ಕಾಲೇಜಿನ ಹೋಮ್‌ವರ್ಕ್ ಬದಿಗಿಟ್ಟು, ರಾತ್ರಿಯ ಬಹುಪಾಲು ಕೂತು ಯಾವ ಜೀನ್ ಎಲ್ಲಿದೆ ಅಂತ ತೋರಿಸುವ, ಕ್ರೋಮೊಸೋಮಿನ ಮೊದಲ ನಕ್ಷೆ ಬರೆದ. 1913ರಲ್ಲಿ ಅದು ಪ್ರಕಟವಾಯಿತು. ಮನೆಯಲ್ಲಿ ‘ಓದ್ತಾ ಇದ್ದೀಯಾ?’ ಅಂದಾಗೆಲ್ಲ ನನಗೆ ಈತನೇ ನೆನಪಾಗುತ್ತಿದ್ದ. ಅವನು ಯಾರಿಗೂ ಗೊತ್ತಿಲ್ಲದ್ದನ್ನು ಕಂಡುಹಿಡಿದ, ನಾನು ಎಲ್ಲರಿಗೂ ಗೊತ್ತಿದ್ದದ್ದನ್ನು. ಆ ವ್ಯತ್ಯಾಸವನ್ನು ಮನೆಯಲ್ಲಿ ಹೇಳಲಿಲ್ಲ.

ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ಹಿಡಿದು ಕೂತಿದ್ದೆ, ನಿಜ. ಹತ್ತು ಗಂಟೆಗೆ ಒಂದು ಯೋಚನೆ ಬಂತು. ನೊಣಗಳಲ್ಲಿ ಒಂದು ಕಡೆ ಅಡ್ಡಹಾಯ್ದರೆ ಅದರ ಹತ್ತಿರದಲ್ಲೇ ಇನ್ನೊಂದು ಆಗುವುದು ಕಡಿಮೆ. ನನ್ನ ಮಣಿಸರಕ್ಕೆ ಅದು ಗೊತ್ತೇ ಇಲ್ಲ. ಒಂದು ಕೊಂಡಿಯಲ್ಲಿ ಅಡ್ಡಹಾಯ್ದರೆ ಮುಂದಿನ 20 ಕೊಂಡಿ ಬಿಟ್ಟುಬಿಡು ಅಂತ ಒಂದು ಸಾಲು ಸೇರಿಸಿದೆ. ಒಂದೇ ಸಾಲು ತಾನೇ! ಆದರೆ ಸರಕ್ಕೆ ಸರಾಸರಿ ಒಂದು ಅಡ್ಡಹಾಯುವಿಕೆ ಇದ್ದದ್ದು 0.85ಕ್ಕೆ ಇಳಿಯಿತು; ದೂರ ಅಳೆಯುವುದೇ ಅಡ್ಡಹಾಯುವಿಕೆಯಿಂದ, ಹಾಗಾಗಿ ನಕ್ಷೆಯೇ ಕುಗ್ಗಿಹೋಯಿತು. ಹಾಗಾಗಿ ಕೊಂಡಿಯ ಸಾಧ್ಯತೆ ಏರಿಸಬೇಕು. ನೂರಕ್ಕೆ 1ರ ಬದಲು 1.25 ಹಾಕಿದೆ, ಸರಾಸರಿ 1.02 ಬಂತು. ಸ್ವಲ್ಪ ಜಾಸ್ತಿಯಾಯಿತು. 1.22 ಅಂತ ಟೈಪ್ ಮಾಡುತ್ತಿದ್ದೆ, ಬೆಳಗಿನ ಅಲಾರಂ ಹೊಡೆಯಿತು.