ದಿಢೀರ್ ಬ್ರೇಕ್ ಹಾಕದೆ ಕಾರು ಓಡಿಸುವುದು: ನನ್ನ ಅನುಭವ

ಬಾಡಿಗೆ ಕಾರು ಓಡಿಸುವುದು ನನ್ನ ಕಸುಬು. ಕೆಲವು ವರ್ಷಗಳಿಂದ, ಹೊಸದಾಗಿ ಕೆಲಸಕ್ಕೆ ಸೇರುವ ಚಾಲಕರ ಪಕ್ಕದಲ್ಲಿ ಕೂತು ತಿದ್ದುವ ಹೊಣೆಯೂ ಸೇರಿಕೊಂಡಿದೆ. ಒಬ್ಬರು ಹೇಗೆ ಓಡಿಸುತ್ತಾರೆ ಎಂದು ತಿಳಿಯಲು ನಾನು ಅವರ ಸ್ಟೇರಿಂಗ್ ಹಿಡಿತವನ್ನಾಗಲಿ, ಗೇರು ಬದಲಿಸುವ ಚಂದವನ್ನಾಗಲಿ ನೋಡುವುದಿಲ್ಲ. ದಾರಿಯುದ್ದಕ್ಕೂ ನನ್ನ ಮೈ ಎಷ್ಟು ಸಲ ಮುಂದಕ್ಕೆ ಜಗ್ಗಿತು ಎಂದು ಮನಸ್ಸಿನಲ್ಲೇ ಎಣಿಸುತ್ತೇನೆ. ಗಕ್ಕನೆ ಕಾರು ನಿಲ್ಲಿಸಿ, "ನೋಡಿದ್ರಾ, ಹೇಗೆ ತಪ್ಪಿಸಿದೆ!" ಎಂದು ನನ್ನ ಕಡೆ ತಿರುಗುವವರಿದ್ದಾರೆ. ಕೈಕಾಲು ಚುರುಕು, ಒಪ್ಪಿದೆ. ಆ ಚುರುಕು ಬೇಕಾಗುವ ಪರಿಸ್ಥಿತಿ ಯಾಕೆ ಬಂತು ಅನ್ನುವುದು ನನ್ನ ಪ್ರಶ್ನೆ.

ಈ ಎಣಿಕೆಯನ್ನು ನಾನು ಮೊದಲು ಶುರು ಮಾಡಿದ್ದು ನನ್ನ ಮೇಲೆಯೇ. ದಿನದ ಕೆಲಸ ಮುಗಿದ ಮೇಲೆ, ಜೋರಾಗಿ ಬ್ರೇಕ್ ಒತ್ತಿದ ಒಂದೊಂದು ಸಂದರ್ಭವನ್ನೂ ನೆನಪಿಸಿಕೊಂಡು, ಅದಕ್ಕಿಂತ ಹತ್ತು ಸೆಕೆಂಡು ಮುಂಚೆ ಎದುರಿಗೆ ಏನೇನಿತ್ತು ಎಂದು ಹುಡುಕುತ್ತಿದ್ದೆ. ಏನಾದರೊಂದು ಸುಳಿವು ಸಿಕ್ಕೇ ಸಿಗುತ್ತಿತ್ತು. ಮೂರು ವಾಹನಗಳ ಆಚೆ ಕೆಂಪು ದೀಪ ಹೊತ್ತಿರುತ್ತಿತ್ತು. ರಸ್ತೆ ಬದಿ ನಿಂತ ಕಾರಿನ ಮುಂದಿನ ಚಕ್ರ ರಸ್ತೆಯ ಕಡೆಗೆ ತಿರುಗಿರುತ್ತಿತ್ತು. ನಿಂತ ಬಸ್ಸಿನ ಅಡಿಯಲ್ಲಿ ಆ ಕಡೆಯಿಂದ ಬರುವವರ ಕಾಲು ಕಾಣುತ್ತಿತ್ತು. ಹೀಗೆ ಹುಡುಕುತ್ತಾ ಹುಡುಕುತ್ತಾ, ಆಮೇಲೆ ನೆನಪಿಸಿಕೊಳ್ಳುತ್ತಿದ್ದ ಸುಳಿವುಗಳು ಓಡಿಸುವಾಗಲೇ ಕಣ್ಣಿಗೆ ಬೀಳತೊಡಗಿದವು.

ಕಣ್ಣಿಗೆ ಬಿದ್ದರೂ ಮುಂದೆ ಜಾಗ ಇರದಿದ್ದರೆ ಪ್ರಯೋಜನವಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಕಣ್ಣು ಕಂಡದ್ದು ತಲೆಗೆ ಹೊಳೆದು, ಕಾಲು ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಮೇಲೆ ಬೀಳಲು ಒಂದೂವರೆ ಸೆಕೆಂಡು ಎಂದಿಟ್ಟುಕೊಳ್ಳಿ. ಕಾರಿನ ವೇಗ ಒಂದಿಷ್ಟೂ ಇಳಿಯುವ ಮೊದಲೇ 33 ಮೀಟರ್ ಕಳೆದಿರುತ್ತದೆ. ಒಣ ರಸ್ತೆ, ಒಳ್ಳೆಯ ಟೈರು ಇದ್ದರೂ ನಿಲ್ಲಲು ಇನ್ನೂ 35 ಮೀಟರ್ ಬೇಕು. ವೇಗ ದುಪ್ಪಟ್ಟಾದರೆ ಬ್ರೇಕ್ ಹಿಡಿದ ಮೇಲಿನ ದೂರ ನಾಲ್ಕು ಪಟ್ಟಾಗುತ್ತದೆ. ಹೊಸಬರಿಗೆ ಇದನ್ನು ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ, ಅಷ್ಟೆ. ಹಾಗಾಗಿ ಇನ್ನೊಂದು ಲೆಕ್ಕವನ್ನು ಅವರ ಕೈಯಿಂದಲೇ ಮಾಡಿಸುತ್ತೇನೆ: 80ರಲ್ಲಿ ಹೋಗುವ ಕಾರೊಂದು, 100ರಲ್ಲಿ ಹೋಗುವ ಕಾರೊಂದು, ಅಕ್ಕಪಕ್ಕದಲ್ಲಿ. ಇಬ್ಬರಿಗೂ ಒಂದೇ ಕ್ಷಣದಲ್ಲಿ ಅಡಚಣೆ ಕಂಡಿತು. 80ರ ಕಾರು ಪೂರ್ತಿ ನಿಂತ ಜಾಗವನ್ನು 100ರ ಕಾರು ಹಾಯುವಾಗ ಅದರ ವೇಗ ಎಷ್ಟಿರುತ್ತದೆ? ಎಲ್ಲರೂ 20 ಅನ್ನುತ್ತಾರೆ. ಲೆಕ್ಕ ಹಾಕಿದರೆ ಹೆಚ್ಚುಕಡಿಮೆ 70 ಬರುತ್ತದೆ. ನನಗೂ ಮೊದಲ ಸಲ ನಂಬಿಕೆಯಾಗದೆ ಇನ್ನೊಮ್ಮೆ ಲೆಕ್ಕ ಹಾಕಿದ್ದೆ.

ಅಂತರವನ್ನು ಮೀಟರಿನಲ್ಲಿ ಅಂದಾಜು ಮಾಡುವುದು ಓಡುವ ಕಾರಿನಲ್ಲಿ ಆಗದ ಮಾತು. ನಾನು ಸೆಕೆಂಡಿನಲ್ಲಿ ಅಳೆಯುತ್ತೇನೆ. ಮುಂದಿನ ವಾಹನ ಒಂದು ಕಂಬವನ್ನೋ ಮರದ ನೆರಳನ್ನೋ ದಾಟಿದ ಕೂಡಲೇ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಎಂದು ಎಣಿಸುವುದು. ಎಣಿಕೆ ಮುಗಿಯುವ ಮುಂಚೆ ಆ ಕಂಬ ನನ್ನನ್ನು ದಾಟಿದರೆ ಹತ್ತಿರವಾಯಿತು ಎಂದರ್ಥ. ಮಳೆಯಲ್ಲಿ ಇದನ್ನು ದುಪ್ಪಟ್ಟು ಮಾಡುತ್ತೇನೆ. "ಅಷ್ಟು ಜಾಗ ಬಿಟ್ಟರೆ ಎಲ್ಲರೂ ನಡುವೆ ನುಗ್ಗುತ್ತಾರಲ್ಲ" ಎಂಬ ತಕರಾರು ಪ್ರತಿ ಹೊಸ ಚಾಲಕನದ್ದೂ ಹೌದು. ನುಗ್ಗಲಿ. ಒಬ್ಬ ನುಗ್ಗಿದಾಗ ಮತ್ತೆ ಹಿಂದೆ ಸರಿದರೆ ನನಗೆ ಎರಡು ಮೂರು ಸೆಕೆಂಡು ನಷ್ಟ. ಹತ್ತು ಜನ ನುಗ್ಗಿದರೂ ಅರ್ಧ ನಿಮಿಷ. ಅರ್ಧ ನಿಮಿಷ ತಡವಾಗಿದ್ದಕ್ಕೆ ಯಾವ ಗಿರಾಕಿಯೂ ನನ್ನನ್ನು ಬೈದಿಲ್ಲ.

ಹಿಂದಿನವನು ಅಂಟಿಕೊಂಡು ಬಂದರೆ ನಾನು ವೇಗ ಹೆಚ್ಚಿಸುವುದಿಲ್ಲ, ಅವನನ್ನು ಹೆದರಿಸಲು ಬ್ರೇಕ್ ದೀಪ ಮಿಂಚಿಸುವುದೂ ಇಲ್ಲ. ಮುಂದಿನ ಅಂತರವನ್ನು ಇನ್ನಷ್ಟು ಹೆಚ್ಚಿಸುತ್ತೇನೆ. ಆಗ ನಾನು ಮೆಲ್ಲಗೆ ಬ್ರೇಕ್ ಹಿಡಿಯಬಹುದು, ಅವನಿಗೂ ಸಮಯ ಸಿಗುತ್ತದೆ. ಅವಕಾಶ ಸಿಕ್ಕ ಕಡೆ ಪಕ್ಕಕ್ಕೆ ಸರಿದು ದಾರಿ ಬಿಟ್ಟುಬಿಡುತ್ತೇನೆ. ಸಿಗ್ನಲ್ಲಿನಲ್ಲಿ ನಿಲ್ಲುವಾಗ ಮುಂದಿನ ವಾಹನದ ಹಿಂದಿನ ಟೈರು ನೆಲ ಮುಟ್ಟುವುದು ನನಗೆ ಕಾಣುತ್ತಿರಬೇಕು. ಹಿಂದೆ ಬರುವವನೂ ನಿಂತ ಎಂದು ಕನ್ನಡಿಯಲ್ಲಿ ಖಾತ್ರಿಯಾಗುವ ತನಕ ಕಣ್ಣು ಅಲ್ಲಿಂದ ಕದಲುವುದಿಲ್ಲ.

ಕನ್ನಡಿಯ ಮಾತು ಬಂತು. ಹೆಚ್ಚಿನವರು ಹೊರಗಿನ ಕನ್ನಡಿಗಳಲ್ಲಿ ತಮ್ಮ ಕಾರಿನ ಮೈಯನ್ನೇ ಅರ್ಧ ನೋಡುತ್ತಿರುತ್ತಾರೆ. ನಾನು ತಲೆಯನ್ನು ನನ್ನ ಪಕ್ಕದ ಗಾಜಿಗೆ ತಾಗುವಷ್ಟು ವಾಲಿಸಿ, ಕಾರಿನ ಅಂಚು ಆಗಷ್ಟೇ ಕಾಣುವಂತೆ ಆ ಬದಿಯ ಕನ್ನಡಿಯನ್ನು ಹೊರಕ್ಕೆ ತಿರುಗಿಸುತ್ತೇನೆ. ಇನ್ನೊಂದು ಕನ್ನಡಿಗೆ ತಲೆಯನ್ನು ಕಾರಿನ ನಡುಮಧ್ಯಕ್ಕೆ ತಂದು ಹಾಗೆಯೇ ಮಾಡುತ್ತೇನೆ. ಸರಿಯಾಗಿದ್ದರೆ, ಪಕ್ಕದಲ್ಲಿ ದಾಟುವ ವಾಹನ ಒಳಗಿನ ಕನ್ನಡಿಯಿಂದ ಮರೆಯಾಗುತ್ತಲೇ ಹೊರಗಿನದರಲ್ಲಿ ಕಾಣಿಸಿಕೊಳ್ಳುತ್ತದೆ, ಅಲ್ಲಿಂದ ಮರೆಯಾಗುವ ಮುಂಚೆ ಕಡೆಗಣ್ಣಿಗೆ ಬೀಳುತ್ತದೆ. ಒಂದೆರಡು ದಿನ ವಿಚಿತ್ರ ಅನಿಸುತ್ತದೆ. ಇಷ್ಟಾದರೂ ಸಾಲು ಬದಲಿಸುವಾಗ ಒಮ್ಮೆ ಕತ್ತು ತಿರುಗಿಸಿ ನೋಡುವುದನ್ನು ಬಿಟ್ಟಿಲ್ಲ, ಬೈಕುಗಳು ಎಲ್ಲಿ ಬೇಕಾದರೂ ಅಡಗುತ್ತವೆ.

ಮುಂದಿನ ಗಾಜಿನ ಎರಡೂ ಪಕ್ಕದ ಕಂಬಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಡ್ಡರಸ್ತೆಯಿಂದ ಬರುವ ವಾಹನ ನನ್ನ ಗಾಜಿನ ಮೇಲೆ ಒಂದೇ ಜಾಗದಲ್ಲಿ ನಿಂತಂತೆ ಕಂಡು, ಬರಬರುತ್ತಾ ದೊಡ್ಡದಾಗುತ್ತಿದ್ದರೆ, ನಾವಿಬ್ಬರೂ ಒಂದೇ ಹೊತ್ತಿಗೆ ಒಂದೇ ಜಾಗ ತಲುಪಲಿದ್ದೇವೆ. ಹಡಗು ನಡೆಸುವವರಿಗೆ ಇದು ಹಳೆಯ ಪಾಠ. ಕಾರಿನಲ್ಲಿ ತೊಂದರೆ ಏನೆಂದರೆ, ಹಾಗೆ ನಿಂತಂತೆ ಕಾಣುವ ಜಾಗ ಆ ಕಂಬದ ಹಿಂದೆಯೇ ಇದ್ದರೆ ಡಿಕ್ಕಿಯಾಗುವ ತನಕ ವಾಹನ ಕಾಣುವುದೇ ಇಲ್ಲ. ಬೈಕು, ಸೈಕಲ್ಲು, ನಡೆದು ಬರುವವರು ಪೂರ್ತಿ ಮುಚ್ಚಿಹೋಗುತ್ತಾರೆ. ಇನ್ನೊಂದು ವಿಷಯ: ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವಾಗ ಆ ಜಿಗಿತದ ನಡುವೆ ಮೆದುಳು ಏನನ್ನೂ ಸ್ಪಷ್ಟವಾಗಿ ನೋಡುವುದಿಲ್ಲ. ಹಾಗಾಗಿ ಕೂಡುರಸ್ತೆಯಲ್ಲಿ ನಾನು ಸರ್ರನೆ ಕತ್ತು ಹೊರಳಿಸುವುದಿಲ್ಲ. ಮುಂದಕ್ಕೂ ಹಿಂದಕ್ಕೂ ವಾಲಿ, ಎರಡೂ ಕಡೆ ಮೂರು ನಾಲ್ಕು ಜಾಗದಲ್ಲಿ ನೋಟ ನಿಲ್ಲಿಸಿ, ಎರಡು ಸಲ ನೋಡುತ್ತೇನೆ. ಪಕ್ಕದಲ್ಲಿ ಕೂತವರಿಗೆ ಕೋಳಿ ಕತ್ತು ಆಡಿಸಿದ ಹಾಗೆ ಕಾಣಬಹುದು.

ಓವರ್‌ಟೇಕ್ ವಿಷಯದಲ್ಲಿ ನನ್ನಷ್ಟು ಹೇಡಿ ಯಾರೂ ಇಲ್ಲ ಎಂದು ಜೊತೆಯವರು ಆಡಿಕೊಳ್ಳುತ್ತಾರೆ. ಡಿವೈಡರ್ ಇಲ್ಲದ ರಸ್ತೆಯಲ್ಲಿ 60ರಲ್ಲಿ ಹೋಗುವ ಲಾರಿಯನ್ನು 80ರಲ್ಲಿ ದಾಟಬೇಕು ಅನ್ನಿ. ಲಾರಿಯ ಉದ್ದ, ಹಿಂದೆ ಮುಂದೆ ಬೇಕಾದ ಜಾಗ ಎಲ್ಲ ಸೇರಿ 50 ಮೀಟರ್ ಗಳಿಸಬೇಕು. ಅದಕ್ಕೆ 9 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನಾನು 200 ಮೀಟರ್ ಓಡಿರುತ್ತೇನೆ, ಎದುರಿನಿಂದ 80ರಲ್ಲಿ ಬರುವವನೂ 200 ಮೀಟರ್ ಓಡಿರುತ್ತಾನೆ. 400 ಮೀಟರ್ ಖಾಲಿ ರಸ್ತೆ ಕಣ್ಣಿಗೆ ಕಾಣದಿದ್ದರೆ ನಾನು ಹೊರಬರುವುದಿಲ್ಲ. ಲಾರಿಗೆ ಅಂಟಿಕೊಂಡರೆ ರಸ್ತೆ ಕಾಣುವುದಿಲ್ಲ, ಹಿಂದೆ ಸರಿದು ನಿಂತರೆ ಕಾಣುತ್ತದೆ. ದಾಟಿದ ಮೇಲೆ ಲಾರಿಯ ಎರಡೂ ಹೆಡ್‌ಲೈಟ್ ಒಳಗಿನ ಕನ್ನಡಿಯಲ್ಲಿ ಕಂಡ ನಂತರವೇ ನನ್ನ ಸಾಲಿಗೆ ವಾಪಸ್ಸು.

ಮಳೆಗಾಲದ ಸಿದ್ಧತೆ ಟೈರಿನಿಂದ ಶುರು. ಒಂದೊಂದು ಟೈರು ನೆಲಕ್ಕೆ ತಾಗುವುದು ಅಂಗೈ ಅಗಲದಷ್ಟೇ. ಟೈರಿನ ಮೇಲಿನ ಗೀರುಗಳ ಆಳ 1.6 ಮಿಲಿಮೀಟರಿಗೆ ಸವೆಯುವ ತನಕ ಓಡಿಸಲು ಹಲವು ದೇಶಗಳ ಕಾನೂನು ಬಿಡುತ್ತದೆ, ನಾನು 3 ಮಿಲಿಮೀಟರಿಗೆ ಬಂದಾಗಲೇ ಬದಲಿಸುತ್ತೇನೆ. ನೀರನ್ನು ಬದಿಗೆ ತಳ್ಳಲು ಆ ಗೀರುಗಳೇ ಬೇಕು, ಇಲ್ಲದಿದ್ದರೆ ವೇಗದಲ್ಲಿ ಟೈರು ನೀರಿನ ಮೇಲೆ ತೇಲುತ್ತದೆ. ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರಾದರೆ ಅದೇ ಲಕ್ಷಣ: ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ಎತ್ತಿ, ಸ್ಟೇರಿಂಗ್ ನೇರ ಹಿಡಿದು ಕಾಯುವುದು. ಹವಾ ಪರೀಕ್ಷೆ ಟೈರು ತಣ್ಣಗಿರುವಾಗ ಬೆಳಿಗ್ಗೆಯೇ. ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಮಿಂಚಿಸುತ್ತಾ ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರು ಯಾವ ಕಡೆ ತಿರುಗುತ್ತಾರೆ ಎಂದು ತಿಳಿಯುವುದಾದರೂ ಹೇಗೆ?

ಫೋನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 60ರ ವೇಗದಲ್ಲಿ ಮೂರು ಸೆಕೆಂಡು ಪರದೆ ನೋಡಿದರೆ 50 ಮೀಟರ್ ಕಣ್ಣುಮುಚ್ಚಿ ಓಡಿದಂತಾಯಿತು. ನನ್ನದು ಡಿಕ್ಕಿಯಲ್ಲಿರುವ ಚೀಲದೊಳಗೆ ಇರುತ್ತದೆ. ದಾರಿ ತೋರಿಸುವುದಕ್ಕೆ ಬೇರೆ ಉಪಕರಣವಿದೆ, ಅದಕ್ಕೆ ವಿಳಾಸ ಕೊಡುವುದು ಹೊರಡುವ ಮುಂಚೆಯೇ.

ಸೀಟ್ ಬೆಲ್ಟ್ ಬಗ್ಗೆ ಜಗಳವಾಗುವುದು ಹಿಂದಿನ ಸೀಟಿನವರ ಜೊತೆ. ಮೂರು ಕಡೆ ಬಿಗಿಯುವ ಈ ಬೆಲ್ಟನ್ನು ವೋಲ್ವೋ ಕಂಪನಿಯ ಇಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದ್ದು. 1959ರಲ್ಲಿ ಅದು ಕಾರಿಗೆ ಬಂತು. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳೂ ಬಳಸಲಿ ಎಂದು ಬಿಟ್ಟುಕೊಟ್ಟರು. ಈ ಕಥೆಯಿಂದ ಮಣಿಯದವರಿಗೆ ನಾನು ಹೇಳುವ ಮಾತೇ ಬೇರೆ: "ಸರ್, ಕಾರು ನಿಂತರೂ ನೀವು ನಿಲ್ಲಲ್ಲ. ಅದೇ ವೇಗದಲ್ಲಿ ಬಂದು ನನ್ನ ಬೆನ್ನಿಗೆ ಬೀಳ್ತೀರಿ. ನನಗೋಸ್ಕರ ಹಾಕ್ಕೊಳ್ಳಿ." ನಗುತ್ತಲೇ ಹಾಕಿಕೊಳ್ಳುತ್ತಾರೆ.

ನಿದ್ದೆಯ ಎದುರು ಮಾತ್ರ ಯಾವ ಚಾಕಚಕ್ಯತೆಯೂ ನಡೆಯುವುದಿಲ್ಲ. 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರ ಚುರುಕಿನ ಮಟ್ಟಕ್ಕೆ ಇಳಿಯುತ್ತದೆ ಎಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ನಸುಕಿನ ಎರಡರಿಂದ ಆರು ಗಂಟೆ ಮತ್ತು ಊಟದ ನಂತರದ ಮಧ್ಯಾಹ್ನ, ಇವೆರಡು ದೇಹ ಸೋಲುವ ಹೊತ್ತು. ಕಿಟಕಿ ಇಳಿಸುವುದು, ಹಾಡು ಜೋರಾಗಿ ಹಾಕುವುದು, ಮುಖಕ್ಕೆ ನೀರು ಚಿಮುಕಿಸುವುದು, ಎಲ್ಲವನ್ನೂ ನೋಡಿದ್ದೇನೆ. ಕೆಲವು ನಿಮಿಷ ತಳ್ಳಬಹುದು, ಅಷ್ಟೆ. ಕಣ್ಣು ತೆರೆದಿದ್ದಂತೆಯೇ ಮೂರು ನಾಲ್ಕು ಸೆಕೆಂಡಿನ ಜೊಂಪು ಹತ್ತಬಹುದು, ಅದು ಹತ್ತಿದ್ದು ನಮಗೇ ಗೊತ್ತಾಗುವುದಿಲ್ಲ. 80ರಲ್ಲಿ ನಾಲ್ಕು ಸೆಕೆಂಡೆಂದರೆ ಸುಮಾರು 90 ಮೀಟರ್. ಹಿಂದಿನ ಎರಡು ಮೂರು ಕಿಲೋಮೀಟರ್ ದಾರಿ ನೆನಪಿಗೆ ಬಾರದಿದ್ದರೆ, ಸುಮ್ಮಸುಮ್ಮನೆ ವೇಗ ಏರಿಳಿದರೆ, ಚಕ್ರ ಬಿಳಿ ಗೆರೆಯನ್ನು ಮುಟ್ಟಿದರೆ ನಾನು ಇನ್ನೊಂದು ಲಕ್ಷಣಕ್ಕೆ ಕಾಯುವುದಿಲ್ಲ. ರಸ್ತೆಯಿಂದ ಪೂರ್ತಿ ಹೊರಗಿರುವ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಕಾಫಿ ಕುಡಿದು ಕೂಡಲೇ ಹದಿನೈದು ಇಪ್ಪತ್ತು ನಿಮಿಷ ಮಲಗುತ್ತೇನೆ. ಕಾಫಿ ಮೈಗೆ ಹತ್ತಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು, ಏಳುವ ಹೊತ್ತಿಗೆ ಎರಡೂ ಒಟ್ಟಿಗೆ ಕೆಲಸಕ್ಕೆ ಬರುತ್ತವೆ. ಗಿರಾಕಿಗೆ ಮುಚ್ಚುಮರೆಯಿಲ್ಲದೆ "ನಿದ್ದೆ ಬರ್ತಿದೆ ಸರ್, ಇಪ್ಪತ್ತು ನಿಮಿಷ ನಿಲ್ಲಿಸ್ತೀನಿ" ಅನ್ನುತ್ತೇನೆ. ಇಷ್ಟು ಕೇಳಿದ ಮೇಲೆ ಬೇಡ ಅಂದವರು ಇಲ್ಲ.

ದಿಢೀರ್ ಬ್ರೇಕ್ ಬೇಡ ಎಂದು ಇಷ್ಟೆಲ್ಲ ಹೇಳುವ ನಾನೇ ಹೊಸಬರಿಗೆ ಅದನ್ನು ಕಲಿಸುವುದೂ ಉಂಟು. ಖಾಲಿ ಬಯಲಿಗೆ ಕರೆದುಕೊಂಡು ಹೋಗಿ, 40ರ ವೇಗಕ್ಕೆ ತಂದು, ಬ್ರೇಕನ್ನು ಪೂರ್ತಿ ತುಳಿಯಲು ಹೇಳುತ್ತೇನೆ. ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ವ್ಯವಸ್ಥೆ 1978ರಲ್ಲೇ ಮರ್ಸಿಡಿಸ್ ಕಾರಿಗೆ ಬಂದಿದ್ದರೂ, ಅದು ಕೆಲಸ ಮಾಡುವಾಗ ಪೆಡಲ್ ಕಾಲಿನಡಿ ಗಡಗಡ ನಡುಗುತ್ತದೆ ಎಂಬುದು ಎಷ್ಟೋ ಚಾಲಕರಿಗೆ ಗೊತ್ತಿಲ್ಲ. ಏನೋ ಮುರಿಯಿತೆಂದು ಬೆಚ್ಚಿ ಕಾಲು ಎತ್ತಿಬಿಡುತ್ತಾರೆ, ಬ್ರೇಕ್ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲೇ. ನಡುಕ ಬಂದರೂ ಒತ್ತಿ ಹಿಡಿ, ನೋಟವನ್ನು ಅಡಚಣೆಯ ಮೇಲಿಡದೆ ಪಕ್ಕದ ಖಾಲಿ ಜಾಗದ ಮೇಲಿಡು, ಸ್ಟೇರಿಂಗನ್ನು ಆ ಕಡೆಗೆ ತಿರುಗಿಸು ಅನ್ನುತ್ತೇನೆ. ಎಬಿಎಸ್ ಇರುವುದೇ ಬ್ರೇಕ್ ಹಿಡಿದಿರುವಾಗಲೂ ಚಕ್ರ ತಿರುಗುತ್ತಿರಲಿ, ಸ್ಟೇರಿಂಗ್ ಮಾತು ಕೇಳಲಿ ಎಂದು. ಮೊದಲೆರಡು ಸಲ ಎಲ್ಲರೂ ಅರೆಬರೆ ಒತ್ತುತ್ತಾರೆ. ಪೆಡಲ್ ನಡುಗಿದಾಗಲೂ ಕಾಲು ಅಲ್ಲೇ ನಿಲ್ಲುವ ತನಕ ಆ ಬಯಲಿನಲ್ಲಿ ಸುತ್ತು ಹಾಕಿಸುತ್ತೇನೆ, ಆಮೇಲೆಯೇ ರಸ್ತೆಗೆ.